ಅಂಬಿಗ ಬಳಸಿ ಹೋದ ಜಾಗ

“ನೀವು ಹೇಳಿದ ಮೇಲೆ ನಾನು ಮತ್ತೆ ಪರೀಕ್ಷಿಸಿ ನೋಡುವುದು ಏನಿದೆ, ಗುರುಗಳೇ?” ಎಂದು ಮಹಾರುದ್ರ ಕೇಳಿದ.

ಅವನು ಆ ಮಠಕ್ಕೆ ನಡೆದುಕೊಳ್ಳಲು ಶುರುಮಾಡಿ ಬಹಳ ವರ್ಷವಾಗಿತ್ತು. ನಕ್ಷೆ ತಯಾರಿಸುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದವನು ಈಗ ಅದನ್ನು ಬಿಟ್ಟು ಬಂದಿದ್ದ. ಮರುದಿನ ಬೆಳಿಗ್ಗೆ ಅವನಿಗೆ ದೀಕ್ಷೆ. ದೀಕ್ಷೆ ಪಡೆದವರು ಮನೆಗೆ ಮರಳುವಂತಿಲ್ಲ ಎಂಬುದು ಆ ಮಠದ ನಿಯಮ. ಮನೆಯಲ್ಲಿ ಹೆಂಡತಿ ಸುವರ್ಣ ಇದ್ದಳು, ಇನ್ನೂ ಅಂಬೆಗಾಲಿಡುವ ಮಗಳಿದ್ದಳು. ಅವನು ಹೊರಡುವಾಗ ಸುವರ್ಣ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. “ಅಲ್ಲಿ ಏನೈತಿ ಅಂತ ನಮ್ಮನ್ನ ಬಿಟ್ಟು ಹೊಂಟೀರಿ?” ಎಂದು ಮಾತ್ರ ಕೇಳಿದ್ದಳು. ಗುರುಗಳು ಹೇಳಿದ್ದಾರೆ ಎಂದು ಅವನು ಉತ್ತರ ಕೊಟ್ಟು ಬಂದಿದ್ದ.

ಈಗ ಗುರುಗಳೂ ಹೆಚ್ಚುಕಡಿಮೆ ಅದನ್ನೇ ಕೇಳಿದ್ದರು. ಬಿಡುತ್ತಿರುವುದು ಏನೆಂದು ನಿನಗೆ ಗೊತ್ತು, ಪಡೆಯಹೊರಟಿರುವುದನ್ನು ಪರೀಕ್ಷಿಸಿ ನೋಡಿದ್ದೀಯಾ ಎಂದಿದ್ದರು. ಅವರ ಬಾಯಲ್ಲಿ ಆ ಮಾತು ಕೇಳಿ ಮಹಾರುದ್ರನಿಗೆ ಸ್ವಲ್ಪ ಬೇಸರವೇ ಆಗಿತ್ತು.

“ನಿನ್ನ ಕಸುಬಿನದೇ ಒಂದು ಕತೆ ಹೇಳುತ್ತೇನೆ, ಕೇಳು” ಎಂದು ಗುರುಗಳು ಶುರುಮಾಡಿದರು.

ಒಂದು ಅಣೆಕಟ್ಟಿನ ಹಿನ್ನೀರು. ಈ ದಡದಲ್ಲಿ ಅಂಬಿಗರ ಕೇರಿ, ಆ ದಡದಲ್ಲಿ ಆಸ್ಪತ್ರೆ. ನೀರು ಇರುವಷ್ಟು ಕಾಲ ದೋಣಿಯಲ್ಲಿ ದಾಟಬಹುದು. ಬೇಸಿಗೆಯ ಕೊನೆಗೆ ನೀರು ಇಳಿದು ದೋಣಿ ಕೆಸರಿಗೆ ಕೂರುತ್ತದೆ. ಆಗ ಕಾಯಿಲೆಯವರನ್ನು ಹೊತ್ತುಕೊಂಡು ಇಡೀ ಹಿನ್ನೀರನ್ನು ಸುತ್ತಿಕೊಂಡು ಹೋಗಬೇಕು. ಹಾಗೆ ಸುತ್ತುವಷ್ಟರಲ್ಲಿ ಕೆಲವರು ಹೊತ್ತವರ ಹೆಗಲ ಮೇಲೆಯೇ ಸತ್ತಿದ್ದರು. ನಡೆದು ದಾಟುವಂಥ ಒಂದು ದಾರಿಯನ್ನು ಹುಡುಕಿಕೊಡಿ ಎಂದು ಕೇರಿಯವರು ಕೈಮುಗಿದು ಕೇಳಿಕೊಂಡರು. ಮೇಲಿನವರು ಒಬ್ಬ ನಕ್ಷೆಗಾರನನ್ನು ಕಳಿಸಿಕೊಟ್ಟರು.

ನಕ್ಷೆಗಾರ ಸೋಮಾರಿಯಲ್ಲ, ದಡ್ಡನೂ ಅಲ್ಲ. ಕತೆಗಳಲ್ಲಿ ಅನಾಹುತ ಮಾಡುವವರು ಯಾವಾಗಲೂ ಸೋಮಾರಿಗಳೋ ದಡ್ಡರೋ ಆಗಿರುತ್ತಾರೆ. ಹಾಗಿದ್ದರೆ ಕೇಳುವವರಿಗೆ ಸಮಾಧಾನ, ಇದು ನಮ್ಮ ಕತೆಯಲ್ಲ ಅಂದುಕೊಳ್ಳಬಹುದು. ಇವನು ಕೆಲಸ ಬಲ್ಲವನು, ಬಿಸಿಲಿಗೆ ಹೆದರದವನು. ಆ ಕೇರಿಯ ಕಷ್ಟ ಕೇಳಿ ನಿಜವಾಗಿಯೂ ಮರುಗಿದವನು.

ಚಳಿಗಾಲದಲ್ಲಿ, ದೋಣಿ ನಡೆಯುವಷ್ಟು ನೀರಿದ್ದಾಗಲೇ ಅವನು ಬಂದ. ಕೇರಿಯ ಒಬ್ಬ ಅಂಬಿಗನ ದೋಣಿಯಲ್ಲಿ ಕುಳಿತು ಅಳತೆ ಆರಂಭಿಸಿದ. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಇಳಿಬಿಡುತ್ತಿದ್ದ, ಗುಂಡು ನೆಲ ಮುಟ್ಟಿದಾಗ ಆಳ ನೋಡುತ್ತಿದ್ದ. ಪಕ್ಕದಲ್ಲಿದ್ದ ಯಂತ್ರವು ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಂದ ತಿಳಿದುಕೊಂಡು, ದೋಣಿ ಆಗ ಎಲ್ಲಿದೆ ಎಂಬುದನ್ನು ಗೇಣು ತಪ್ಪದಂತೆ ಗುರುತಿಸಿಕೊಳ್ಳುತ್ತಿತ್ತು. ಒಂದು ಜಾಗ, ಅಲ್ಲಿಯ ಆಳ, ಅದಕ್ಕೊಂದು ಚುಕ್ಕೆ. ಹೀಗೆ ಹಿನ್ನೀರಿನ ತುಂಬ ಚುಕ್ಕೆ ಇಡುತ್ತ ಹೋದರು.

ಒಂದು ಕಡೆ ಮಾತ್ರ ಅಂಬಿಗ ಪ್ರತಿಸಲವೂ ದೋಣಿಯನ್ನು ಬಳಸು ದಾರಿಯಲ್ಲಿ ಒಯ್ಯುತ್ತಿದ್ದ. ಈ ಕಡೆಯಿಂದ ಬಂದರೂ ಅಷ್ಟೇ, ಆ ಕಡೆಯಿಂದ ಬಂದರೂ ಅಷ್ಟೇ.

“ಇಲ್ಲಿ ಯಾಕಪ್ಪ ಸುತ್ತು ಹಾಕ್ತೀಯ?” ಎಂದು ನಕ್ಷೆಗಾರ ಕೇಳಿದ.

“ಅಲ್ಲಿ ತಾಯಿ ಅದಾಳ್ರೀ ಸಾಹೇಬ್ರ. ಆಕಿ ತಲಿ ಮ್ಯಾಲೆ ದೋಣಿ ಹಾಯಿಸಬಾರದು” ಎಂದ ಅಂಬಿಗ. ಹುಟ್ಟು ಹಾಕುವುದನ್ನು ನಿಲ್ಲಿಸದೆಯೇ ಹೇಳಿದ, “ಯಾವ ತಾಯಿ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ. ನಾವು ಈ ನೀರಿಗೆ ಬ್ಯಾರೆ ಕಡಿಯಿಂದ ಬಂದವ್ರು. ನಮ್ಮಪ್ಪ ಬಳಸಿ ಹೋಗ್ತಿದ್ದ, ನಾನೂ ಹೋಗ್ತೀನಿ.”

ನಕ್ಷೆಗಾರ ಒತ್ತಾಯ ಮಾಡಲಿಲ್ಲ. ಇನ್ನೊಬ್ಬರ ನಂಬಿಕೆಗೆ ನೋವು ಮಾಡಬಾರದು ಎಂಬ ದೊಡ್ಡ ಮನಸ್ಸು ಅವನದು. ಆ ದೊಡ್ಡ ಮನಸ್ಸಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಊರಿಗೆ ಮರಳಿ ಕಂಪ್ಯೂಟರಿನ ಮುಂದೆ ಕುಳಿತ. ಹಿನ್ನೀರನ್ನೆಲ್ಲ ಚೌಕಳಿ ಲುಂಗಿಯ ಹಾಗೆ ಸಣ್ಣ ಸಣ್ಣ ಚೌಕಗಳಾಗಿ ಒಡೆದ. ಪ್ರತಿ ಚೌಕಕ್ಕೂ ಒಂದು ಆಳ ಬೇಕು. ಆದರೆ ಅಳೆದ ಚೌಕಗಳು ಕೆಲವೇ, ಅಳೆಯದವೇ ಬಹಳ. ಅಳೆಯದ ಚೌಕದ ಆಳವನ್ನು ಸುತ್ತಲಿನ ಚುಕ್ಕೆಗಳನ್ನು ಕೇಳಿ ಗೊತ್ತುಮಾಡಬೇಕು. ಹತ್ತಿರದ ಚುಕ್ಕೆಯ ಮಾತಿಗೆ ತೂಕ ಹೆಚ್ಚು, ದೂರದ್ದಕ್ಕೆ ಕಡಿಮೆ. ನೆಲ ಸಾಮಾನ್ಯವಾಗಿ ಒಮ್ಮೆಲೇ ಏರುವುದಿಲ್ಲ, ಒಮ್ಮೆಲೇ ಇಳಿಯುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಲೆಕ್ಕವೆಲ್ಲ ನಿಂತಿದೆ. ಇದನ್ನು ನನಗೆ ಹೇಳಿಕೊಟ್ಟವನು ನೀನೇ ಮಹಾರುದ್ರ, ತಪ್ಪಿದ್ದರೆ ತಿದ್ದು.

ಬೇಸಿಗೆಯಲ್ಲಿ ನೀರು ಇಳಿಯುವಷ್ಟನ್ನು ಕಳೆದು ಅವನು ಬಣ್ಣ ತುಂಬಿಸಿದ. ಮೊಣಕಾಲುದ್ದದ ನೀರಿಗೆ ತಿಳಿನೀಲಿ, ಸೊಂಟದುದ್ದಕ್ಕೆ ಕಡುನೀಲಿ, ಅದಕ್ಕೂ ಹೆಚ್ಚಿದ್ದರೆ ಕಪ್ಪು. ಅಂಬಿಗ ಬಳಸಿ ಹೋಗುತ್ತಿದ್ದ ಕಡೆ ಒಂದೂ ಚುಕ್ಕೆ ಇರಲಿಲ್ಲ. ಸುತ್ತಲಿನ ಚುಕ್ಕೆಗಳೆಲ್ಲ ಮೊಣಕಾಲುದ್ದ ಎಂದವು. ಅಲ್ಲಿಗೂ ತಿಳಿನೀಲಿ ತುಂಬಿಕೊಂಡಿತು.

ಕಂಪ್ಯೂಟರು ಇನ್ನೊಂದು ಚಿತ್ರವನ್ನೂ ಮಾಡಿಕೊಟ್ಟಿತ್ತು. ಯಾವ ಜಾಗದ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ತೋರಿಸುವ ಚಿತ್ರ ಅದು. ಅದರಲ್ಲಿ ಆ ಜಾಗ ಮಸಿ ಬಿದ್ದಂತೆ ಕಪ್ಪಗಿತ್ತು, ಅಂದರೆ ಅಲ್ಲಿಯ ಲೆಕ್ಕವನ್ನು ನಂಬುವಂತಿಲ್ಲ. ನಕ್ಷೆಗಾರ ಅದನ್ನು ನೋಡಿದ. ನಾಲ್ಕೂ ಕಡೆ ಮೊಣಕಾಲು ನೀರಿರುವಾಗ ನಡುವೆ ಪಾತಾಳ ಎಲ್ಲಿಂದ ಬಂದೀತು ಅಂದುಕೊಂಡ. ಎರಡು ಚಿತ್ರ ಕೊಟ್ಟರೆ ಕೇರಿಯವರಿಗೆ ಗಲಿಬಿಲಿಯಾದೀತು ಎಂದು ಮೊದಲನೆಯದನ್ನು ಮಾತ್ರ ಕೊಟ್ಟ.

“ಎಲ್ಲರೂ ಹಾಗೇ ಮಾಡುತ್ತೇವೆ, ಗುರುಗಳೇ. ಎರಡನೆಯ ಚಿತ್ರವನ್ನು ಯಾರೂ ಕೇಳುವುದಿಲ್ಲ” ಎಂದ ಮಹಾರುದ್ರ. ತನ್ನ ಕಸುಬಿನವನ ಪರವಾಗಿ ಮಾತಾಡಬೇಕು ಅನ್ನಿಸಿತ್ತು ಅವನಿಗೆ.

ಗುರುಗಳು ತಲೆಯಾಡಿಸಿ ಮುಂದುವರಿಸಿದರು.

ಈ ದಡದಿಂದ ಆ ದಡಕ್ಕೆ ತಿಳಿನೀಲಿ ಬಿಡದೆ ಹೋಗುವ ಅತಿ ಹತ್ತಿರದ ದಾರಿ ಯಾವುದು ಎಂದು ನಕ್ಷೆಗಾರ ಹುಡುಕಿಸಿದ. ಒಂದು ಕೆಂಪು ಗೆರೆ ಮೂಡಿತು. ಅದು ಚುಕ್ಕೆಯಿಲ್ಲದ ಆ ಜಾಗದ ನಟ್ಟನಡುವೆ ಹಾದುಹೋಗುತ್ತಿತ್ತು. ಆ ಗೆರೆಯನ್ನು ಕೇರಿಯವರ ಫೋನುಗಳಿಗೆ ಹಾಕಿಕೊಟ್ಟ. ಫೋನು ಹಿಡಿದು ನಡೆದರೆ, ನಾವು ಎಲ್ಲಿದ್ದೇವೆ ಎಂಬುದು ಅದರಲ್ಲಿ ಬೊಟ್ಟಿನ ಹಾಗೆ ಕಾಣುತ್ತದೆ. ಬೊಟ್ಟು ಗೆರೆ ಬಿಡದಂತೆ ನೋಡಿಕೊಂಡರೆ ಆಯಿತು. ಕೇರಿಯವರು ಅವನಿಗೆ ಹಾರ ಹಾಕಿ ಕಳಿಸಿದರು.

ಬೇಸಿಗೆ ಬಂತು, ದೋಣಿಗಳು ಕೆಸರಿಗೆ ಕೂತವು. ಒಂದು ದಿನ ಆ ಅಂಬಿಗನ ಮಗಳಿಗೆ ಜ್ವರ ನೆತ್ತಿಗೇರಿತು, ಮಗು ಕಣ್ಣು ಮೇಲೆ ಮಾಡಿತು. ಅವನು ಅದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ನೀರಿಗಿಳಿದ. ಇನ್ನೊಂದು ಕೈಯಲ್ಲಿ ಫೋನು. ಹೆಂಡತಿ ಹಿಂದೆಯೇ ಇದ್ದಳು, ಅವಳ ಹಿಂದೆ ಕೇರಿಯ ಕೆಲವರು. ಮಟಮಟ ಮಧ್ಯಾಹ್ನ, ನೀರು ಮೊಣಕಾಲು ಮುಟ್ಟುತ್ತಿತ್ತು, ನೆಲ ಗಟ್ಟಿಯಿತ್ತು. ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರಗಳು ಓದಲು ಬರುವಷ್ಟು ಹತ್ತಿರವಾಗಿದ್ದವು.

ಎಲ್ಲರ ಕಣ್ಣೆದುರಿಗೇ ಆಯಿತು. ಮುಂದಿನ ಹೆಜ್ಜೆಗೆ ಅವನು ಎದೆಯವರೆಗೆ ಇಳಿದುಹೋದ. ಕೂಗಲೂ ಇಲ್ಲ. ಫೋನು ಬಿಟ್ಟು ಎರಡೂ ಕೈಯಲ್ಲಿ ಮಗುವನ್ನು ಮೇಲೆತ್ತಿದ. ಹೆಂಡತಿ ಗಟ್ಟಿ ನೆಲದ ಅಂಚಿಗೆ ಬೋರಲು ಬಿದ್ದು ಮಗುವನ್ನು ಎಳೆದುಕೊಂಡಳು. ಅಷ್ಟರಲ್ಲಿ ಅವನ ಮುಖ ನೀರೊಳಗಿತ್ತು. ಹುಟ್ಟಿದಾಗಿನಿಂದ ಈಜಿದವನು ಅವನು, ನೀರಾಗಿದ್ದರೆ ಎದ್ದು ಬರುತ್ತಿದ್ದ. ಅಲ್ಲಿದ್ದದ್ದು ಹೂಳು. ಹಿಂದಿದ್ದವರು ತಮ್ಮ ಪಂಚೆ ಸೀರೆಗಳನ್ನು ಗಂಟು ಹಾಕಿ ಎಸೆದರು. ಹಿಡಿಯಲು ಮೇಲೆ ಒಂದು ಕೈಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ನೀರು ಮೊದಲಿನಂತೆಯೇ ಸಮವಾಯಿತು. ನಿಂತವರಿಗೆ ತಾವು ಕಂಡದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ.

ಅಲ್ಲಿ ಮುಳುಗಡೆಯಾದ ಒಂದು ಊರಿತ್ತಂತೆ. ಊರ ದೇವಿಯ ಗುಡಿಯ ಮುಂದೆ ಮೆಟ್ಟಿಲಿಳಿಯುವ ಕಲ್ಯಾಣಿಯಿತ್ತಂತೆ. ಆ ಊರಿನವರು ಚದುರಿಹೋದರು, ಗುಡಿ ಕುಸಿಯಿತು, ಕಲ್ಯಾಣಿ ಹೂಳಿನಿಂದ ತುಂಬಿತು. ಅಂಬಿಗರಿಗೆ ಉಳಿದದ್ದು ಬಳಸಿ ಹೋಗುವ ಪದ್ಧತಿ ಒಂದೇ.

ಸುದ್ದಿ ನಕ್ಷೆಗಾರನಿಗೂ ಮುಟ್ಟಿತು. ಅವನು ಮೊದಲು ಯೋಚಿಸಿದ್ದು ತನ್ನ ಪರವಾಗಿಯೇ. ಅಂಬಿಗ ಗೆರೆ ಬಿಟ್ಟು ನಡೆದಿರಬೇಕು, ಇಲ್ಲವೇ ಫೋನಿನ ಬೊಟ್ಟು ತಪ್ಪು ತೋರಿಸಿರಬೇಕು ಅಂದುಕೊಂಡು ಓಡಿಬಂದ. ಯಂತ್ರ ಹಿಡಿದು ಅಳೆದು ನೋಡಿದ. ಉಪಗ್ರಹಗಳು ಸರಿಯಾಗಿಯೇ ಹೇಳಿದ್ದವು. ಅಂಬಿಗನೂ ಗೆರೆ ಬಿಟ್ಟಿರಲಿಲ್ಲ, ಅದರ ಮೇಲೆಯೇ ಮುಳುಗಿದ್ದ.

ಮಗು ಬದುಕಿತ್ತು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೆಂಡತಿ ಕುಳಿತಿದ್ದಳು. ನಕ್ಷೆಗಾರನಿಗೆ ಏನು ಕೇಳಬೇಕೋ ತಿಳಿಯದೆ, “ಅವನು ಯಾವಾಗಲೂ ಆ ಜಾಗ ಬಳಸಿ ಹೋಗುತ್ತಿದ್ದನಲ್ಲಮ್ಮ, ಅವತ್ತು ಯಾಕೆ ನೇರ ಹೋದ?” ಎಂದ.

“ನಾನೂ ಅದನ್ನ ಅಂದೆರಿ. ತಾಯಿ ಜಾಗ, ಬಳಸಿ ಹೋಗೂಣು ಅಂದೆ. ‘ಸಾಹೇಬ್ರು ನನ್ನ ದೋಣ್ಯಾಗ ಕುಂತು ಎಲ್ಲಾ ಅಳದಾರ, ನಾ ಕಣ್ಣಾರೆ ನೋಡೀನಿ. ನಾವು ಇಷ್ಟು ದಿನ ಸುಮ್ಮನ ಅಂಜಿದ್ವಿ’ ಅಂದ್ರು.”

ಅಂಬಿಗನಿಗೆ ಹೇಳಬೇಕಾದ ಮಾತೊಂದು ನಕ್ಷೆಗಾರನ ಮನಸ್ಸಿನಲ್ಲಿ ಮೂಡಿತು. ನೀನು ಅಲ್ಲಿಗೆ ಹೋಗಲಿಲ್ಲ ಎಂದು ನಾನು ಅಳೆಯಲಿಲ್ಲ, ನಾನು ಅಳೆದಿದ್ದೇನೆ ಎಂದು ನೀನು ಅಲ್ಲಿಗೆ ಹೋದೆ. ಸತ್ತವನಿಗೆ ಇದನ್ನು ಹೇಳುವುದು ಹೇಗೆ? ಆ ಹೆಂಗಸಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಕಚೇರಿಗೆ ಹೋಗಿ ನಕ್ಷೆಯ ಬಣ್ಣವನ್ನೆಲ್ಲ ತೆಗೆಸಿದ. ಬರೀ ಚುಕ್ಕೆಗಳು ಉಳಿದವು. ದೋಣಿ ಪ್ರತಿಸಲವೂ ಬಾಗಿ ಹೋದ ಜಾಡು ಆ ಜಾಗದ ಸುತ್ತ ಬೇಲಿಯಂತೆ ಕಾಣುತ್ತಿತ್ತು. ಅಂಬಿಗ ತನಗೆ ಗೊತ್ತಿಲ್ಲದೆಯೇ ಹಾಕಿಕೊಟ್ಟ ಬೇಲಿ ಅದು. ತಿಳಿನೀಲಿ ಬಳಿದು ಅದನ್ನು ಮುಚ್ಚಿದವನು ತಾನು. ಆಮೇಲೆ ಅವನು ಇನ್ನೊಂದು ನಕ್ಷೆ ಮಾಡಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

 ಮಹಾರುದ್ರನಿಗೆ ತಾನೇ ಮಾಡಿಕೊಟ್ಟ ನಕ್ಷೆಗಳು ಒಂದೊಂದಾಗಿ ನೆನಪಿಗೆ ಬಂದವು. ಅವುಗಳ ಮೇಲೆ ಈಗ ಯಾರು ನಡೆಯುತ್ತಿದ್ದಾರೋ ಅನ್ನಿಸಿತು. ಆದರೂ ತನ್ನ ಮಾತು ಬೇರೆ, ಈ ಕತೆ ಬೇರೆ ಅಂದುಕೊಂಡು ಧೈರ್ಯ ತಂದುಕೊಂಡ.

“ನಕ್ಷೆಗಾರ ಆ ಜಾಗಕ್ಕೆ ಹೋಗದೆಯೇ ಹೇಳಿದ, ಗುರುಗಳೇ. ನೀವು ಹಾಗಲ್ಲ. ನೀವು ಹೋಗಿ, ಕಂಡು ಬಂದವರು” ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು, “ಹಾಗೆಂದು ನಿನಗೆ ಯಾರು ಹೇಳಿದರು?”