ಸುರಗಿಗೆ ಬಾರದ ಸೋದರತ್ತೆ

“ಗುರುಗಳೇ, ನಾನಿನ್ನೂ ತಕ್ಕವಳಾಗಿಲ್ಲವೆಂದು ನನಗೇ ಗೊತ್ತು. ತಕ್ಕವಳಾಗುವವರೆಗೆ ಹೊರಗೆ ನಿಂತು ಕೇಳುತ್ತೇನೆ. ಅದರಲ್ಲಿ ತಪ್ಪೇನಿದೆ?” ಎಂದು ಶಿಷ್ಯೆ ಕೇಳಿದಳು.

ಆಶ್ರಮಕ್ಕೆ ಬಂದಂದಿನಿಂದ ಅವಳು ಜಗಲಿಯಲ್ಲಿ ನಿಂತೇ ಪಾಠ ಕೇಳುತ್ತಿದ್ದಳು. ಉಳಿದವರು ಕರೆದರೂ ಒಳಗೆ ಬಂದು ಕೂರುತ್ತಿರಲಿಲ್ಲ. ಗುರುಗಳು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನ ಹೊರಗೆ ಒಬ್ಬ ಹೆಂಗಸು ಸುಣ್ಣದ ಭಟ್ಟಿ ನಡೆಸುತ್ತಿದ್ದಳು. ಕಲ್ಲು ಒಡೆಯುವುದು, ಸುಡುವುದು, ಚೀಲಕ್ಕೆ ತುಂಬುವುದು ಅವಳ ಕೆಲಸ. ಗಂಡ ಗಾಡಿ ಹೂಡಿಕೊಂಡು ಸುಣ್ಣ ಮಾರಲು ಹೊರಟರೆ ತಿಂಗಳುಗಟ್ಟಲೆ ಮನೆಯತ್ತ ಬರುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಅವಳದು ದೊಡ್ಡ ಮೈ. ಚಿಕ್ಕಂದಿನಿಂದಲೂ ಹಾಗೆಯೇ. ಮೊದಮೊದಲು ಜನ ಆ ಮಾತೆತ್ತಿದರೆ ನಕ್ಕು ಸುಮ್ಮನಾಗುತ್ತಿದ್ದಳು. ಆಮೇಲೆ ಜನರಿರುವಲ್ಲಿಗೆ ಹೋಗುವುದನ್ನೇ ಬಿಟ್ಟಳು. ಭಟ್ಟಿಯ ಮುಂದೆ ಯಾವ ಸೀರೆ ಉಟ್ಟರೂ ಸಂಜೆಯ ಹೊತ್ತಿಗೆ ಅದು ಬಿಳಿ. ಹಾಗಾಗಿ ಅವಳಲ್ಲಿ ಇದ್ದದ್ದು ಎರಡೇ ನೂಲಿನ ಸೀರೆ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ. ಮನೆಯಲ್ಲಿ ಕನ್ನಡಿ ಇರಲಿಲ್ಲ. ಬೇಕೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

ಅವಳಿಗೊಬ್ಬ ತಮ್ಮನಿದ್ದ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಇವಳೇ. ಈಗ ಅವನು ಪಕ್ಕದ ಊರಿನಲ್ಲಿ ಮನೆ ಮಾಡಿಕೊಂಡಿದ್ದ. ಒಬ್ಬಳೇ ಮಗಳು. ಆ ಮಗಳಿಗೆ ಮದುವೆ ಗೊತ್ತಾಯಿತು. ಅಕ್ಕನನ್ನು ಕರೆಯಲು ಕುಂಕುಮ, ಅಕ್ಷತೆ ಹಿಡಿದುಕೊಂಡು ತಾನೇ ಬಂದ.

“ಮದುವೆಗೆ ಬರುವುದು ಇದ್ದೇ ಇದೆ. ಸುರಗಿಯಲ್ಲಿ ನೀನೇ ಕೂರಬೇಕು, ಅಕ್ಕಾ” ಎಂದ.

“ಬೇರೆ ಯಾರನ್ನಾದರೂ ಕೂರಿಸಿಕೊಳ್ಳೋ.”

“ಬೇರೆ ಅಕ್ಕನನ್ನು ಎಲ್ಲಿಂದ ತರಲಿ? ಹುಡುಗಿ ಹಟ ಹಿಡಿದಿದ್ದಾಳೆ. ಅತ್ತೆ ಪಕ್ಕದಲ್ಲಿ ಕೂರದಿದ್ದರೆ ಅರಿಸಿನ ಹಚ್ಚಿಸಿಕೊಳ್ಳುವುದಿಲ್ಲವಂತೆ.”

“ಅಪ್ಪನ ಬುದ್ಧಿಯೇ ಬಂದಿದೆ. ನೀನೂ ಹಟ ಹಿಡಿದರೆ ಊಟ ಬಿಡುತ್ತಿದ್ದೆ.”

“ಬಿಟ್ಟದ್ದು ಒಂದೇ ಹೊತ್ತು. ನೀನು ಅದನ್ನು ಹೇಳಿಕೊಂಡು ತಿರುಗುವುದು ಜೀವಮಾನವಿಡೀ” ಎಂದು ತಮ್ಮ ನಕ್ಕ.

ಅವಳೂ ನಕ್ಕಳು. ನಗುತ್ತಿರುವಾಗಲೇ ಆಗಲಿ ಎಂದುಬಿಟ್ಟಳು. ತಮ್ಮ ಎದ್ದು ಹೋದ ಮೇಲೆ ತಾನು ಒಪ್ಪಿಕೊಂಡದ್ದು ಏನೆಂದು ಅವಳಿಗೆ ಹೊಳೆಯಿತು.

ಆ ಸೀಮೆಯ ಮದುವೆಗಳಲ್ಲಿ ಸುರಗಿ ಎಂಬುದೊಂದು ಶಾಸ್ತ್ರ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆಗಳನ್ನಿಟ್ಟು, ಅವುಗಳ ಕೊರಳಿಗೆ ಸುತ್ತಲೂ ಹಸಿನೂಲು ಸುತ್ತುತ್ತಾರೆ. ನೂಲಿನೊಳಗೆ ಮದುಮಗಳನ್ನೂ ಹತ್ತಿರದ ಮುತ್ತೈದೆಯರನ್ನೂ ಕೂರಿಸಿ, ಎಣ್ಣೆ ಅರಿಸಿನ ಹಚ್ಚಿ, ಎಲ್ಲರ ತಲೆಯ ಮೇಲೂ ನೀರೆರೆಯುತ್ತಾರೆ. ಮದುಮಗಳ ಬಲಕ್ಕೆ ಸೋದರತ್ತೆಯ ಜಾಗ.

ತಮ್ಮನ ಮದುವೆಯಲ್ಲಿ ಗಂಡಿನ ಮನೆಯ ಸುರಗಿಯಲ್ಲಿಯೂ ಅವಳು ಅಕ್ಕನಾಗಿ ಕೂತಿದ್ದಳು. ನೀರೆರೆದಾದ ಮೇಲೆ ಎದ್ದು ನಿಂತಾಗ ಒದ್ದೆ ಸೀರೆ ಮೈಗೆ ಅಂಟಿಕೊಂಡಿತ್ತು. ಗುಂಪಿನಲ್ಲಿದ್ದ ಒಬ್ಬಳು, “ಇವಳೊಬ್ಬಳಿಗೇ ಒಂದು ಬಾವಿ ಬೇಕಾಯಿತಲ್ಲ” ಎಂದಳು. ಹೆಂಗಸರೆಲ್ಲ ನಕ್ಕರು. ಇವಳೂ ಅವರ ಜೊತೆಗೆ ನಕ್ಕಳು. ಜನರಿರುವಲ್ಲಿಗೆ ಹೋಗುವುದನ್ನು ಬಿಟ್ಟದ್ದು ಅಂದಿನಿಂದಲೇ.

ಹೋಗದಿದ್ದರೆ ಆ ಹುಡುಗಿಯ ಬಲಗಡೆ ಬೇರೆ ಯಾರೋ ಕೂರುತ್ತಾರೆ. ಹೋದರೆ ಜನ ನೋಡುತ್ತಾರೆ. ಅವಳು ಕಲ್ಲು ಒಡೆಯುತ್ತ ಇದನ್ನೇ ಯೋಚಿಸಿದಳು. ಕೊನೆಗೆ, ತಕ್ಕದಾದ ಒಂದು ಸೀರೆ ಸಿಕ್ಕರೆ ಹೋಗಬಹುದು ಎನ್ನಿಸಿತು. ಹೀಗೆನ್ನಿಸಿದ್ದೇ ಮೈಕೈ ತೊಳೆದುಕೊಂಡು ಪೇಟೆಗೆ ಹೋದಳು.

ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವಳು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಕೇಳಿದಳು.

“ಸಾಹುಕಾರರೇ, ನಾನು ಸಣ್ಣಗೆ ಕಾಣುವಂಥ ಸೀರೆಯಿದೆಯೇ?”

“ಸೀರೆಯಾದರೆ ನನ್ನಲ್ಲಿದೆ ತಾಯೀ. ಮಂತ್ರ ಹಾಕುವವರು ಎದುರು ಬೀದಿಯಲ್ಲಿದ್ದಾರೆ” ಎಂದ ವ್ಯಾಪಾರಿ. ಆಡಿದ ಮೇಲೆ ಅವಳ ಮುಖ ನೋಡಿ, “ಒಳಗೆ ಬನ್ನಿ, ಕೂತು ನೋಡಿ” ಎಂದು ದನಿ ತಗ್ಗಿಸಿದ.

ಮೊದಲು ಅವನು ಬಿಚ್ಚಿದ್ದು ಗಿಳಿಹಸಿರು ಸೀರೆ. ಕೆಂಪು ಸೆರಗು, ಅಂಗೈಯಗಲದ ಅಂಚು. ಅವಳು ಅರಿವಿಲ್ಲದೆ ಅದರ ಮೇಲೆ ಕೈಯಿಟ್ಟಳು. ಸುಣ್ಣದಿಂದ ಒಡೆದ ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಂಡಿತು. ಮೆಲ್ಲಗೆ ಬಿಡಿಸಿಕೊಂಡು ಕೈ ಹಿಂದಕ್ಕೆಳೆದಳು.

“ಇದು ಬಹಳ ದೂರದಿಂದಲೇ ಕಾಣುತ್ತದೆ” ಎಂದಳು.

“ಮದುವೆಗೆ ಉಡುವುದು ಕಾಣಲಿ ಎಂದೇ ಅಲ್ಲವೇ?”

ಅವಳು ಅದನ್ನು ಅವನ ಕಡೆಗೆ ಸರಿಸಿದಳು. ವ್ಯಾಪಾರಿ ಹಸಿರು ಸೀರೆಯನ್ನು ಪಕ್ಕಕ್ಕಿಟ್ಟ. ಅವನು ಕೆಲಸ ಬಲ್ಲವನು. ಗರಿಗರಿ ಗಂಜಿಯ ಸೀರೆ ಮೈಯಿಂದ ಎದ್ದು ನಿಲ್ಲುತ್ತದೆ, ದೊಡ್ಡ ಚೌಕಳಿ ಅಗಲ ತೋರಿಸುತ್ತದೆ, ಅವು ಬೇಡವೆಂದ. ಕೆಳಗಿನ ಕಪಾಟಿನಿಂದ ಕಡುನೀಲಿಯ ಒಂದು ಸೀರೆ ತೆಗೆದ. ಕಿರಿದಾದ ಅಂಚು, ನೀರಿನ ಹಾಗೆ ಇಳಿಬೀಳುವ ಬಟ್ಟೆ. ನೆರಿಗೆಯನ್ನು ಸಣ್ಣಗೆ ಹಿಡಿದು ಒತ್ತಬೇಕು, ರವಿಕೆಯ ತೋಳು ಮೊಣಕೈಯವರೆಗೆ ಬರಬೇಕು, ಸೆರಗನ್ನು ಹಿಂದಿನಿಂದ ಸುತ್ತಿ ಇನ್ನೊಂದು ಭುಜದ ಮೇಲೆ ಹೊದೆಯಬೇಕು ಎಂದು ಹೇಳಿಕೊಟ್ಟ. ಅವನ ಹೆಂಡತಿ ಬಂದು ಅದನ್ನು ಅವಳ ಸೀರೆಯ ಮೇಲೆಯೇ ಸುತ್ತಿ ತೋರಿಸಿದಳು.

“ನೋಡಿ, ನಿಂತಾಗ ಎಷ್ಟು ಚೆನ್ನಾಗಿದೆ” ಎಂದ ವ್ಯಾಪಾರಿ.

“ನೆನೆದರೆ?”

“ಮದುವೆಯ ಸೀರೆ ಯಾಕೆ ನೆನೆಯುತ್ತದೆ?”

“ಸುರಗಿಯಲ್ಲಿ ಕೂರಬೇಕಾಗಿದೆ.”

ವ್ಯಾಪಾರಿ ಸೀರೆ ಮಡಿಸುವುದನ್ನು ನಿಲ್ಲಿಸಿದ. “ಸುರಗಿಗೆ ಹಳೆಯದನ್ನು ಉಟ್ಟು ಕೂರುತ್ತಾರೆ ತಾಯೀ. ನೆನೆದ ಮೇಲೆ ನನ್ನ ಅಂಗಡಿಯ ಸೀರೆ ಯಾವುದನ್ನೂ ಮುಚ್ಚುವುದಿಲ್ಲ. ಸುಳ್ಳು ಹೇಳಿ ಮಾರಲಾರೆ.”

ಆದರೂ ಅವಳು ಆ ಸೀರೆಯನ್ನೇ ಕೊಂಡಳು.

ಮನೆಗೆ ಬಂದು ಒಬ್ಬಳೇ ಉಟ್ಟು ನೋಡಿದಳು. ನೆರಿಗೆ ಹಿಡಿಯುವ ರೂಢಿ ತಪ್ಪಿತ್ತು. ಬಿಚ್ಚಿದಳು, ಮತ್ತೆ ಉಟ್ಟಳು. ಹಿಂದೆ ಸರಿಯಾಗಿದೆಯೇ ಎಂದು ಕೇಳಲು ಯಾರೂ ಇರಲಿಲ್ಲ. ಅಂಗಳಕ್ಕೆ ಬಂದು ಬಿಸಿಲಿಗೆ ಬೆನ್ನು ಕೊಟ್ಟು ನಿಂತಳು. ಹೊತ್ತು ಇಳಿಯುತ್ತಿತ್ತು. ಅವಳ ನೆರಳು ಬಿಳಿಯ ನೆಲದ ಮೇಲೆ ಉದ್ದಕ್ಕೆ, ಸಣ್ಣಗೆ ಬಿದ್ದಿತ್ತು. ಇಳಿಹೊತ್ತಿನಲ್ಲಿ ಎಲ್ಲರ ನೆರಳೂ ಉದ್ದವಾಗಿ ಸಣ್ಣಗೆ ಕಾಣುತ್ತದೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೂ ಬಿಸಿಲು ಹೋಗುವವರೆಗೆ ನೋಡುತ್ತ ನಿಂತಳು. ಎಷ್ಟೋ ವರ್ಷಗಳಲ್ಲಿ ತನ್ನನ್ನು ತಾನು ನೋಡಿಕೊಂಡು ಕಣ್ಣು ತಿರುಗಿಸದೆ ಇದ್ದದ್ದು ಅದೇ ಮೊದಲು.

ಅಲ್ಲಿ ನಿಂತಿರುವಾಗಲೇ ಅವಳು ಒಂದು ತೀರ್ಮಾನಕ್ಕೆ ಬಂದಳು. ಸುರಗಿ ಮುಗಿದ ಮೇಲೆ ಹೋಗುವುದು. ದಾರಿಯಲ್ಲಿ ತಡವಾಯಿತೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಈ ಸೀರೆಯಲ್ಲಿ, ನೆನೆಯದ ಮೈಯಲ್ಲಿ, ನಾಲ್ಕು ಜನರ ನಡುವೆ ನಿಂತು ಹುಡುಗಿಗೆ ಅಕ್ಷತೆ ಹಾಕಿ ಬರುವುದು. ತನ್ನಂಥವಳಿಗೆ ಅಷ್ಟು ಸಾಕು.

ಸುರಗಿಯ ದಿನ ಬೆಳಿಗ್ಗೆ ಬೇಕೆಂದೇ ಭಟ್ಟಿಯ ಬೂದಿ ತೆಗೆಯುತ್ತ ಹೊತ್ತು ಕಳೆದಳು. ಬಿಸಿಲು ನೆತ್ತಿಗೆ ಬರುವ ಸಮಯಕ್ಕೆ ತಮ್ಮನ ಊರು ತಲುಪಿದಳು. ಚಪ್ಪರದ ತುಂಬ ಹೆಂಗಸರು. ಇಷ್ಟು ಹೊತ್ತಿಗೆ ಮುಗಿದಿರುತ್ತದೆ ಎಂದುಕೊಂಡು ಗುಂಪಿನ ಹಿಂದೆ ಬಂದು ನಿಂತಳು. ಇಣುಕಿ ನೋಡಿದರೆ ಸುರಗಿ ಇನ್ನೂ ಶುರುವಾಗಿರಲಿಲ್ಲ.

ಅಂಗಳದ ನಡುವೆ, ಆಗಲೇ ಸುತ್ತಿದ್ದ ನೂಲಿನೊಳಗೆ, ಮದುಮಗಳು ಹಳೆಯ ಸೀರೆಯುಟ್ಟು ಕೂತಿದ್ದಳು. ಅವಳ ತಾಯಿ ಎಡಕ್ಕೆ, ಮುತ್ತೈದೆಯರು ಹಿಂದೆ. ಬಲಗಡೆ ಬರಿಯ ಮಣೆ. ಹಂಡೆಯ ನೀರು ಆರಿ ತಣ್ಣಗಾಗಿತ್ತೆಂದು ಯಾರೋ ಮತ್ತೆ ಉರಿ ಹಾಕುತ್ತಿದ್ದರು.

ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಸೀರೆ ನಿಮಗೆ ಬಹಳ ಚೆನ್ನಾಗಿ ಕಾಣುತ್ತದೆ. ಎಲ್ಲಿ ತಂದಿರಿ?”

“ಪೇಟೆಯಲ್ಲಿ.”

“ನೀವು ಯಾರ ಪೈಕಿ?”

ಅವಳ ಬಾಯಿಗೆ ಒಂದು ಮಾತು ಬಂತು. ಅದನ್ನು ಆಡಿದರೆ ಇವಳು ಎಲ್ಲರಿಗೂ ಕೂಗಿ ಹೇಳುತ್ತಾಳೆ, ಗುಂಪು ಸರಿದು ದಾರಿ ಬಿಡುತ್ತದೆ, ಆಮೇಲೆ ನೀರು.

“ಹೀಗೇ, ಪರಿಚಯದವರು” ಎಂದಳು.

ಆಗ ತಮ್ಮ ಬೀದಿಯ ಕಡೆಯಿಂದ ಬಂದ. ದಾರಿ ನೋಡಲು ಹೋಗಿದ್ದನೆಂದು ಕಾಣುತ್ತದೆ. ಕಾಲು ಮೊಣಕಾಲಿನವರೆಗೆ ಧೂಳಾಗಿತ್ತು. ಗುಂಪಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದ. ಅವನು ಹುಡುಕುತ್ತಿದ್ದದ್ದು ಸುಣ್ಣ ಹತ್ತಿದ ನೂಲಿನ ಸೀರೆಯನ್ನು. ಗುಂಪಿನ ಹಿಂದೆ ಮುಖ ತಗ್ಗಿಸಿ ನಿಂತವಳ ಕಡುನೀಲಿಯ ಮೇಲೆ ಅವನ ಕಣ್ಣು ಹಾದು ಮುಂದಕ್ಕೆ ಹೋಯಿತು. ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದಳು.

“ಬರಲಿಲ್ಲ” ಎಂದ ತಮ್ಮ.

“ಬರುವವಳಾಗಿದ್ದರೆ ಇಷ್ಟು ಹೊತ್ತಿಗೆ ಬರುತ್ತಿರಲಿಲ್ಲವೇ? ಗಂಡಿನ ಕಡೆಯವರು ಬರುವ ಹೊತ್ತಾಯಿತು. ಯಾರನ್ನಾದರೂ ಕೂರಿಸಪ್ಪಾ” ಎಂದಳು ಅವನ ಹೆಂಡತಿಯ ತಾಯಿ, ವಯಸ್ಸಾದವಳು.

ಪಕ್ಕದ ಮನೆಯ ಸೊಸೆಯನ್ನು ಕರೆದರು. ತೆಳ್ಳಗಿನ ಹುಡುಗಿ. ನೂಲು ದಾಟಿ ಬಂದು ಮಣೆಯ ಮೇಲೆ ಕೂತಳು. ನೂಲಿನ ಎಳೆ ಕೂತವರ ಮೈಗೆ ತಾಗಬಾರದೆಂಬುದು ಅಲ್ಲಿಯ ನಿಯಮ. ಅದಕ್ಕೆ ತಂಬಿಗೆಗಳನ್ನು ಕೂತವರಿಂದ ಒಂದು ಗೇಣು ಆಚೆಗಿಡುತ್ತಾರೆ. ಉಳಿದ ಕಡೆಯೆಲ್ಲ ಹಾಗೆಯೇ ಇತ್ತು. ಬಲಗಡೆ ಮಾತ್ರ ಆ ಸೊಸೆಗೂ ನೂಲಿಗೂ ನಡುವೆ ಬಹಳಷ್ಟು ನೆಲ ಖಾಲಿ ಉಳಿಯಿತು.

“ಇದೇನಪ್ಪಾ, ಒಂದು ಕಡೆ ಹೊಲಕ್ಕೆ ಬೇಲಿ ಹಾಕಿದ ಹಾಗೆ ಸುತ್ತಿಸಿದ್ದೀಯೆ? ಒಂದು ಆಕಳು ಕಟ್ಟಬಹುದು” ಎಂದಳು ಮುದುಕಿ. ಹೆಂಗಸರು ನಕ್ಕರು.

ತಮ್ಮ ನಗಲಿಲ್ಲ. “ಇರಲಿ ಬಿಡಿ” ಎಂದ.

ಎಣ್ಣೆ ಹಚ್ಚಿದರು. ಅರಿಸಿನ ಹಚ್ಚುವಾಗ ಮದುಮಗಳು ಮುಖ ತಿರುಗಿಸಿದಳು. ತಾಯಿ ಅವಳ ಗಲ್ಲ ಹಿಡಿದು ಕಿವಿಯಲ್ಲಿ ಏನೋ ಹೇಳಿ ಈಚೆಗೆ ತಿರುಗಿಸಿದಳು. ಅರಿಸಿನ ಹಚ್ಚಿಸಿಕೊಂಡಳು. ನೀರೆರೆದರು. ಎಲ್ಲರ ಸೀರೆಯೂ ಮೈಗೆ ಅಂಟಿತು. ತೆಳ್ಳಗಿನವರು, ದಪ್ಪಗಿನವರು, ಎಲ್ಲರೂ ಮುಖದ ನೀರು ಒರೆಸಿಕೊಳ್ಳುತ್ತ ನಗುತ್ತಿದ್ದರು. ಖಾಲಿ ನೆಲದ ಮೇಲೆಯೂ ನೀರು ಹರಿದು ನಿಂತಿತು.

ಅವಳು ಅಕ್ಷತೆ ಹಾಕಲು ಉಳಿಯಲಿಲ್ಲ. ಊಟದ ಸದ್ದು ಶುರುವಾಗುವ ಮೊದಲೇ ಚಪ್ಪರದಿಂದ ಹೊರಟಳು. ಬೀದಿಯಲ್ಲಿ ಎದುರಾದವರು ಅವಳಿಗೆ ದಾರಿ ಬಿಟ್ಟು ನಡೆದರು. ಯಾರೋ ಅನುಕೂಲಸ್ಥರ ಮನೆಯಾಕೆ ಎಂದುಕೊಂಡಿರಬೇಕು. ಮನೆಗೆ ಬಂದು ಬಾಗಿಲು ತೆಗೆದಳು. ಸೀರೆಯಲ್ಲಿ ಒಂದು ಸುಕ್ಕಿರಲಿಲ್ಲ, ಒಂದು ಹನಿ ನೀರು ಬಿದ್ದಿರಲಿಲ್ಲ. ಬಿಚ್ಚಿ, ಅಂಗಡಿಯಲ್ಲಿದ್ದ ಮಡಿಕೆಯಲ್ಲೇ ಮಡಿಸಿಟ್ಟಳು. ಹಗ್ಗದ ಮೇಲಿನ ಸೀರೆ ಉಟ್ಟು ಭಟ್ಟಿಗೆ ಬೆಂಕಿ ಹಾಕಿದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯೆ ಜಗಲಿಯ ಕಂಬ ಹಿಡಿದು ನಿಂತಿದ್ದಳು.

“ಅಷ್ಟು ಹುಡುಕಿ ತಂದಳಲ್ಲ, ಆ ಸೀರೆ ನಿಜವಾಗಿಯೂ ಅವಳಿಗೆ ಒಪ್ಪಿತ್ತೇ ಗುರುಗಳೇ?” ಎಂದು ಕೇಳಿದಳು.

ಗುರುಗಳು ಒಂದೇ ಮಾತು ಹೇಳಿದರು.

“ಒಪ್ಪಿತ್ತು ಮಗಳೇ, ಆದರೆ ತಮ್ಮ ಆ ನೂಲು ಸುತ್ತಿಸಿದ್ದು ಅವಳ ಮೈಯ ಅಳತೆಗೆ.”