ಕೆಂಜುಟ್ಟನ ಒಪ್ಪಿಗೆ

ಇದು ಸುಳ್ಳು ಅನ್ನೋ ಗಂಡು ಯಾರಾದರೂ ಇದ್ದರೆ ಎದುರಿಗೆ ಬಂದು ನಿಲ್ಲಲಿ! ಕೆಂಜುಟ್ಟನೆಂಬ ಹುಂಜ ರಾಗಿ ಅಂಗಡಿ ಇಟ್ಟಿತ್ತು. ಫೋನಿನಲ್ಲಿ ಬಿಲ್ಲು ಬರೆಯುವ ಎಐ ಸಹಾಯಕ, ಗಲ್ಲಾಪೆಟ್ಟಿಗೆಯ ಮೇಲೆ ಹಣ ಬಂತೆಂದು ಸಾರುವ ಪಾವತಿ ಡಬ್ಬಿ. ಹುಂಜ ಎರಡನ್ನೂ ಒಂದಕ್ಕೊಂದು ಜೋಡಿಸಿತು.

"ಪ್ರತಿ ಮಾರಾಟಕ್ಕೂ ತಮ್ಮ ಒಪ್ಪಿಗೆ ಕೇಳಲೇ, ಯಜಮಾನರೇ?" ಎಂದಿತು ಡಬ್ಬಿ.

"ಲೋ ಡಬ್ಬಿ, ನಾನು ಕೂಗಿದರೇನೇ ಸೂರ್ಯ ಏಳೋದು. ಅಂಥವನು ಚಿಲ್ಲರೆಗೆಲ್ಲ ತಲೆ ಆಡಿಸ್ತಾ ಕೂರಬೇಕಾ? ಕೇಳಿದವರಿಗೆ ಕೇಳಿದ್ದು ಮಾರಿ. ನನ್ನನ್ನ ಕೇಳಬೇಡಿ."

"ಆಗಲಿ," ಎಂದಿತು ಸಹಾಯಕ.

ಮರುದಿನ ನಸುಕಿನಲ್ಲಿ ಹುಂಜ ಕತ್ತೆತ್ತಿ ಕೊಕ್ಕು ತೆರೆಯಿತು. ಸದ್ದೇ ಹೊರಡಲಿಲ್ಲ. ಅದರದೇ ಕೂಗು ಗುಡ್ಡದಾಚೆ ನರಿಯ ಗವಿಯಿಂದ ಕೇಳಿಬಂತು. ಅದರ ಹೇಂಟೆಗಳೆಲ್ಲ ಸಾಲಾಗಿ ಅತ್ತ ನಡೆದವು. ನಿಲ್ಲಿ ಎನ್ನಲು ಹುಂಜಕ್ಕೆ ದನಿಯಿರಲಿಲ್ಲ. ಓಡಿಹೋಗಿ ಡಬ್ಬಿಯನ್ನು ಕುಕ್ಕಿತು.

"ನರಿರಾಯರು ತಮ್ಮ ಕೂಗು ಬೇಕೆಂದು ಕೇಳಿದರು. ನಾನು ಬಿಲ್ಲು ಬರೆದೆ," ಎಂದಿತು ಸಹಾಯಕ, ಮೆಲ್ಲಗೆ.

"ಹಣ ಬಂದಿದೆ," ಎಂದಿತು ಡಬ್ಬಿ.

ಸೂರ್ಯ ಎಂದಿನಂತೆ ಹುಟ್ಟಿದ. ಹುಂಜಕ್ಕೆ ಕೊನೆಗೆ ಸಿಕ್ಕಿದ್ದು ಒಂದು ರಸೀದಿ: ಕೂಗು ಒಂದು, ಹನ್ನೆರಡು ರೂಪಾಯಿ, ಪೂರ್ತಿ ಸಂದಿದೆ.