ಚಿಕ್ಕಜವರ ವ್ಯಾನಿಗೆ ಪ್ಯಾಕಿಂಗ್ ಹಾಕಿದ್ದು

ಕೇಳೋದಾದ್ರೆ ಹತ್ತಿರ ಬನ್ನಿ, ನಗೋದಾದ್ರೆ ಆಮೇಲೆ ನಗಿ. ಯಾಕೆ ಅಂದ್ರೆ, ಜನ ತನ್ನ ನೋಡಿ ಯಾಕೆ ನಗ್ತಾರೆ ಅನ್ನೋದು ಈ ಚಿಕ್ಕಜವರನಿಗೆ ಇವತ್ತಿಗೂ ತಿಳಿದಿಲ್ಲ.

ಹುಣಸೆಕೊಪ್ಪಲು ಅಂತ ಒಂದೂರು. ಅಲ್ಲಿ ಕೆಂಪಾಜಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ, ಈ ಚಿಕ್ಕಜವರ. ಒಬ್ಬಳು ಮಗಳು, ಚಂದ್ರಿ, ಮದುವೆಯಾಗಿ ಗಂಡನ ಮನೇಲಿದ್ದಳು. ಕೆಂಪಾಜಮ್ಮನ ಗಂಡ ಸಾಯುವಾಗ ಬಿಟ್ಟುಹೋದದ್ದು ಒಂದು ಹಳೇ ವ್ಯಾನು. ಅವ್ವ ಮುತ್ತುಗದ ಎಲೆ ಹಚ್ಚಿ ಊಟದೆಲೆ ಮಾಡೋಳು, ಮಗ ಆ ಎಲೆ ಕಟ್ಟುಗಳನ್ನ ವ್ಯಾನಿಗೆ ಹಾಕ್ಕೊಂಡು ಪೇಟೆಯ ಹೋಟೆಲುಗಳಿಗೆ ಕೊಟ್ಟು ಬರೋನು.

ಪೆದ್ದನ ಕೈಗೆ ಗಾಡಿಯಾ ಅಂತೀರಾ? ಸ್ಟೇರಿಂಗ್ ಹಿಡಿದಾಗ ಮಾತ್ರ ಅವನ ತಲೆ ನೆಟ್ಟಗಿರೋದು. ಯಾಕೆ ಅಂದ್ರೆ ಗಾಡಿ ಮಾತಾಡಲ್ಲ, ಗಾಡಿ ಬುದ್ಧಿ ಹೇಳಲ್ಲ. ಮನುಷ್ಯರು ಬುದ್ಧಿ ಹೇಳಿದರೋ, ಕೆಟ್ಟಿತು ಕೆಲಸ! ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಒಂದಕ್ಷರ ಬಿಡ್ತಿರಲಿಲ್ಲ.

"ಇವನನ್ನ ಹೆತ್ತು ನಾನು ಯಾರಿಗೇಳ್ಲಿ!" ಅಂತ ಕೆಂಪಾಜಮ್ಮ ದಿನಕ್ಕೆ ಮೂರು ಸಲ ಹಣೆ ಬಡ್ಕೊಳ್ಳೋಳು. ಚಿಕ್ಕಜವರ ಪಾಪ, "ನಂಗೇ ಹೇಳವ್ವ" ಅನ್ನೋನು.

ಹೀಗಿರುವಾಗ ಬಸುರಿ ಚಂದ್ರಿಗೆ ಒಂಬತ್ತನೇ ತಿಂಗಳು ಬಿತ್ತು. ಭಾನುವಾರ ದಿನ ಚೆನ್ನಾಗಿದೆ, ಅವತ್ತು ವ್ಯಾನಲ್ಲಿ ಹೋಗಿ ಬಾಣಂತನಕ್ಕೆ ಕರ್ಕೊಂಡು ಬರೋದು ಅಂತ ಮಾತಾಯ್ತು. ಬುಧವಾರ ಬೆಳಗ್ಗೆ ನೋಡ್ತಾರೆ, ವ್ಯಾನಿನ ಅಡಿಯಲ್ಲಿ ಕಪ್ಪಗೆ ಆಯಿಲ್ ತೊಟ್ಟಿಕ್ಕುತ್ತಾ ಇದೆ! ಸ್ಟಾರ್ಟ್ ಮಾಡಿದರೆ ಸೀಟಿನ ಸಂದಿಯಿಂದ ಹೊಗೆ!

"ಓಡ್ಲಾ, ದಸ್ತಗೀರ್ ಸಾಬ್ರನ್ನ ಕರ್ಕೊಂಡ್ ಬಾ!" ಅಂದಳು ಅವ್ವ.

ದಸ್ತಗೀರ್ ಸಾಬರು ಊರಿಗೆಲ್ಲ ಒಬ್ಬರೇ ಮೆಕ್ಯಾನಿಕ್ಕು. ಆದರೆ ಅವರ ಒಂದು ಕಣ್ಣಿಗೆ ಆಪರೇಶನ್ ಆಗಿ ನಾಲ್ಕೇ ದಿನ. ಆ ಕಣ್ಣಿಗೆ ಹಸಿರು ಬಟ್ಟೆ ಕಟ್ಕೊಂಡು ಮಂಚದ ಮೇಲೆ ಕೂತಿದ್ದರು. ಬಗ್ಗಬಾರದು, ಎಣ್ಣೆ-ಧೂಳು ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದರು.

"ಸಾಬ್ರೇ, ಇಂಜಿನ್ ಮೇಲ್ಗಡೆಯಿಂದ ಆಯಿಲ್ ಸೋರ್ತದೆ, ಹೊಗೆ ಬತ್ತದೆ!"

"ಇಂಜಿನ್ ಮೇಲೊಂದು ಮುಚ್ಚಳ ಐತಲ್ಲ, ಅದರ ಪ್ಯಾಕಿಂಗ್ ಹೋಗೈತೆ ಕಣಪ್ಪ. ಹೊಸ ಪ್ಯಾಕಿಂಗ್ ಹಾಕು, ಸೋರೋದು ನಿಲ್ತದೆ. ಮನೇಲೇ ಮಾಡ್ಕೋ, ಏನು ಮಹಾ ಕೆಲ್ಸ!"

ಪ್ಯಾಕಿಂಗ್! ಚಿಕ್ಕಜವರನಿಗೆ ಖುಷಿಯಾಯ್ತು. ಪೇಟೆಯ ಮಿಠಾಯಿ ಅಂಗಡೀಲಿ ಪ್ಯಾಕಿಂಗ್ ಮಾಡೋದನ್ನ ಅವನು ದಿನಾ ನೋಡಿದ್ದ. ಮನೆಗೆ ಬಂದ. ಡ್ರೈವರ್ ಸೀಟು ಎತ್ತಿದ. ಅದರ ಕೆಳಗೇ ಇಂಜಿನ್ನು. ಅವ್ವ ಹಚ್ಚಿಟ್ಟ ನಲವತ್ತು ಎಲೆ ತಂದ. ಮೇಲೆರಡು, ಕೆಳಗೆರಡು, ಸುತ್ತಲೂ ಸುತ್ತಿ, ಬಾಳೆನಾರಲ್ಲಿ ಅಡ್ಡ ಕಟ್ಟಿ, ಉದ್ದ ಕಟ್ಟಿ, ಹಿಡ್ಕೊಳ್ಳೋಕೆ ಒಂದು ಕುಣಿಕೇನೂ ಬಿಟ್ಟ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ.

ಎಲೆ ಚಟಪಟ ಅಂತ ಹೊತ್ಕೊಂತು. ಅಡುಗೆಮನೆಯಿಂದ ಕೆಂಪಾಜಮ್ಮ ಓಡಿ ಬಂದು ಒಂದು ಬಕೆಟ್ ಮಣ್ಣು ಸುರಿದಳು.

"ಅಯ್ಯೋ ನನ್ನೆಲೆ! ಅಯ್ಯೋ ನನ್ ಗಾಡಿ! ಏನ್ಲಾ ಇದು?"

"ಪ್ಯಾಕಿಂಗ್ ಕನವ್ವ."

ರಟ್ಟೆ ಹಿಡಿದು ಸಾಬರ ಮನೆಗೆ ಎಳ್ಕೊಂಡು ಹೋದಳು. ಸಾಬರು ಒಂದೇ ಕಣ್ಣಲ್ಲಿ ದುರುಗುಟ್ಟಿದರು. "ಎಲ್ಲಾದ್ರೂ ಉಂಟಾ! ಪ್ಯಾಕಿಂಗ್ ಅಂದ್ರೆ ಮುಚ್ಚಳದ ಕೆಳಗಿರೋ ರಬ್ಬರ್ ಪಟ್ಟಿ. ಅಂಗಡೀಲಿ ಸಿಕ್ತದೆ. ಆದ್ರೆ ಬರಿಗೈಲಿ ಹೋಗ್ಬೇಡ. ಹಳೇದನ್ನ ಬಿಚ್ಚಬೇಕು, ಕೈಲಿ ಹಿಡ್ಕೊಬೇಕು, ಇಂಥದ್ದೇ ಕೊಡಿ ಅಂತ ಕೇಳ್ಬೇಕು. ತಿಳೀತಾ?"

"ತಿಳೀತು. ಹಳೇದನ್ನ ಬಿಚ್ಚಬೇಕು, ಕೈಲಿ ಹಿಡ್ಕೊಬೇಕು, ಇಂಥದ್ದೇ ಕೊಡಿ ಅನ್ಬೇಕು."

ದಾರಿಯಲ್ಲಿ ಬಟ್ಟೆ ಅಂಗಡಿ ಸಿಕ್ಕಿತು. ಅವ್ವ ಅಂದಳು, "ಭಾನುವಾರ ಬೀಗರ ಮನೆಗೆ ಈ ಹರಕು ಪಂಚೇಲಿ ಹೋಗ್ತೀಯಾ? ಹೋಗು, ಹೊಸದೊಂದು ತಗೊಂಡ್ ಬಾ. ನಾನು ಮುಂದೆ ನಡೀತಿರ್ತೀನಿ."

ಚಿಕ್ಕಜವರ ಅಂಗಡಿ ಹತ್ತಿದ. ಒಳಗೆ ಸೀರೆ ನೋಡ್ತಾ ಏಳೆಂಟು ಹೆಂಗಸರು. ಇವನು ಹಳೇದನ್ನ ಬಿಚ್ಚಿದ. ಕೈಲಿ ಹಿಡ್ಕೊಂಡ. ಪಟ್ಟೆಪಟ್ಟೆ ಚಡ್ಡೀಲಿ ನಿಂತು, "ಇಂಥದ್ದೇ ಕೊಡಿ!" ಅಂದ.

ಹೆಂಗಸರು ಕಿಟಾರನೆ ಕಿರುಚಿದರು. ಅಂಗಡಿಯವನು ಅಳತೆಕೋಲು ತಗೊಂಡು ಬೀದಿಯುದ್ದಕ್ಕೂ ಅಟ್ಟಿಸಿಕೊಂಡು ಬಂದ. ಅವ್ವ ತಿರುಗಿ ನೋಡ್ತಾಳೆ, ಮಗ ಚಡ್ಡೀಲಿ ಓಡಿ ಬರ್ತಾ ಇದಾನೆ!

"ಮಾನಗೇಡಿ! ಏನ್ ಮಾಡ್ದೆ?"

"ಸಾಬ್ರು ಹೇಳಿದ್ನೇ ಮಾಡ್ದೆ ಕನವ್ವ."

"ಏನೇ ಬಿಚ್ಚೋದಿದ್ರೂ ಬಾಗ್ಲು ಹಾಕ್ಕೊಂಡು ಬಿಚ್ಚಬೇಕು ಕಣ್ಲಾ! ಒಂದು ಪಿಳ್ಳೆಗೂ ಕಾಣದಂಗೆ ಬಿಚ್ಚಬೇಕು!"

ಸರಿ. ಗುರುವಾರ ಇಂಜಿನ್ ಮುಚ್ಚಳ ಬಿಚ್ಚೋ ಕೆಲಸ. ನೋಡೋಕೆ ಅಂತ ಅಕ್ಕಪಕ್ಕದವರು ನಾಲ್ಕು ಜನ ಬಂದಿದ್ದರು. ಚಿಕ್ಕಜವರ, "ಹೋಗಿ ಹೋಗಿ, ಬಿಚ್ತಾ ಇದೀನಿ!" ಅಂತ ಎಲ್ಲರನ್ನೂ ಓಡಿಸಿದ. ವ್ಯಾನಿನೊಳಗೆ ಕೂತು ಬಾಗಿಲು ಹಾಕ್ಕೊಂಡ. ಗಾಜು ಏರಿಸಿದ. ಸಾಲದು ಅಂತ ತಲೆ ಮೇಲೆ ಕಂಬಳಿ ಮುಚ್ಕೊಂಡ. ಹಾಡುಹಗಲಲ್ಲೇ ಅಮಾವಾಸ್ಯೆ! ಬೆವರು ಧಾರಾಕಾರ. ಬೆರಳಲ್ಲೇ ತಡಕಿ ತಡಕಿ ಎಂಟು ಬೋಲ್ಟು ಬಿಚ್ಚಿದ, ಮುಚ್ಚಳ ಕಿತ್ತ, ಹಳೇ ಪಟ್ಟಿ ಎಳೆದ.

ಅವ್ವ ಬಾಗಿಲು ತೆಗೆದು ಎಣಿಸ್ತಾಳೆ, ಬೋಲ್ಟು ಆರೇ!

"ಇನ್ನೆರಡು ಎಲ್ಲೋದೋ?"

"ಉಂ ಉಂ" ಅಂದ ಮಗ.

ಒಂದು ಬನಿಯನ್ನಿನೊಳಗೆ ಸಿಕ್ಕಿತು. ಇನ್ನೊಂದು ಅವನ ಬಾಯಲ್ಲೇ ಇತ್ತು.

"ಕತ್ತಲೇಲಿ ಬಿಚ್ಚಿ ನುಂಗೋಕೆ ಹೋಗಿದ್ದೇನೋ! ಒಂದೊಂದು ಬಂದಂಗೂ ಸುಣ್ಣದಲ್ಲಿ ಗುರುತು ಹಾಕಿ ಸಾಲಾಗಿ ಇಡಬೇಕು. ಎಡಗಡೆಯಿಂದ ಬಂದದ್ದು ಯಾವುದು, ಬಲಗಡೆಯಿಂದ ಬಂದದ್ದು ಯಾವುದು, ಗೊತ್ತಾಗ್ಬೇಕು!"

ಚಿಕ್ಕಜವರನ ತಲೆ ಗಿರ್ ಅಂತು. ಅಂಗಡೀಲಿ ಬೆಳಕಲ್ಲಿ ಬಿಚ್ಚಿದ, ಬೈದರು. ಗಾಡೀಲಿ ಕತ್ತಲಲ್ಲಿ ಬಿಚ್ಚಿದ, ಬೈದರು. ಮನುಷ್ಯ ಬಿಚ್ಚೋದಾದರೂ ಎಲ್ಲಿ? ಆದರೂ ಅವ್ವ ಹೇಳಿದ್ದಾಳೆ ಅಂತ ಸುಣ್ಣ ಕಲಸಿ, ಬೋಲ್ಟಿಗೆಲ್ಲ ಗುರುತು ಹಾಕಿ, ಜಗುಲಿ ಮೇಲೆ ಸಾಲಾಗಿ ಇಟ್ಟ.

ಶುಕ್ರವಾರ ಕೆಂಪಾಜಮ್ಮ ಮಗನನ್ನ ನಂಬದೆ, ಹಳೇ ರಬ್ಬರ್ ಪಟ್ಟಿಯನ್ನ ತಾನೇ ಹಿಡ್ಕೊಂಡು ಬಸ್ಸಲ್ಲಿ ಪೇಟೆಗೆ ಹೋದಳು. ಅವಳು ಆ ಕಡೆ ಹೋದಳು, ಈ ಕಡೆ ಬೀಗರು ಬಂದರು. ಚಂದ್ರಿಯ ಮಾವ ಹಲಗೇಗೌಡರು, ಅತ್ತೆ ಮರಿಯಮ್ಮ. ಗಾಡಿ ಕೆಟ್ಟಿದೆ ಅಂತ ಕಿವಿಗೆ ಬಿದ್ದು ನೋಡೋಕೆ ಬಂದಿದ್ದರು. ಗೌಡರು ಜಗುಲಿಯ ಎಡಗಡೆ ಮೆಟ್ಟಿಲು ಹತ್ತಿದರು, ಅತ್ತೆಮ್ಮ ಬಲಗಡೆಯಿಂದ ಹತ್ತಿದರು.

ಒಂದೊಂದು ಬಂದಂಗೂ ಗುರುತು ಹಾಕ್ಬೇಕಲ್ಲ! ಚಿಕ್ಕಜವರ ಸುಣ್ಣದ ಕುಡಿಕೆ ಹಿಡಿದು ಬಂದ. ಗೌಡರ ಬೋಳುತಲೆ ಮೇಲೆ "ಎಡ" ಅಂತ ಬರೆದ. ಅತ್ತೆಮ್ಮನ ಕೆನ್ನೆ ಮೇಲೆ "ಬಲ" ಅಂತ ಬರೆದ. ಅವರು ಹಾಂ ಹೂಂ ಅನ್ನೋದರೊಳಗೆ ಭುಜ ಹಿಡಿದು ಬೋಲ್ಟಿನ ಪಕ್ಕ ಸಾಲಾಗಿ ಇಟ್ಟ.

ಕೆಂಪಾಜಮ್ಮ ಬಸ್ಸಿಳಿದು ಬರ್ತಾಳೆ, ಬೀಗರು ಕೆಂಡವಾಗಿದ್ದಾರೆ.

"ಏನ್ರೀ, ನಿಮ್ ಮಗ ನಮಗೇ ಸುಣ್ಣ ಬಳ್ದವ್ನಲ್ರೀ!" ಅಂದರು ಮರಿಯಮ್ಮ. "ಇಂಥೋನ ಗಾಡೀಲಿ ತುಂಬಿದ ಬಸುರೀನ ಕಳ್ಸೋದಾ? ಭಾನುವಾರ ಗಾಡಿ ಸರಿಯಾಗಿ ನಮ್ ಬಾಗ್ಲಿಗೆ ಬಂದ್ರೆ ಬಂತು. ಇಲ್ದಿದ್ರೆ ಬಾಣಂತನ ನಮ್ಮನೇಲೇ!"

ಚೊಚ್ಚಲ ಬಾಣಂತನ ತವರಲ್ಲಾಗದೆ ಹೋದರೆ! ಕೆಂಪಾಜಮ್ಮನ ಕಣ್ಣಲ್ಲಿ ನೀರು ಬಂತು. ಬೀಗರ ಕೈಕಾಲು ಹಿಡಿದು, ಕಾಫಿ ಕುಡಿಸಿ ಕಳಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಹೊಸಬರು ಬಂದ್ರೆ ಹಿಂಗೇನ್ಲಾ ಮಾಡೋದು? ಮೊದ್ಲು ಕಾಲಿಗೆ ನೀರು ಕೊಡ್ಬೇಕು! ಮಣೆ ಹಾಕಿ ಕೂರಿಸ್ಬೇಕು! ಬೆಲ್ಲ-ನೀರು ಕೊಟ್ಟು ಉಪಚಾರ ಮಾಡ್ಬೇಕು! ಗೊತ್ತಾಯ್ತಾ?"

"ಗೊತ್ತಾಯ್ತು ಕನವ್ವ. ನೀರು, ಮಣೆ, ಬೆಲ್ಲ."

"ಹೂಂ. ಇಗೋ, ಹೊಸ ಪ್ಯಾಕಿಂಗ್ ತಂದಿದೀನಿ. ಸಾಬ್ರು ಸರಿಯಾಗಿ ಕೂರಿಸ್ಬೇಕು ಅಂದವ್ರೆ. ಕೂರಿಸು, ನಾನು ಹಿಟ್ಟಿಗೆ ಎಸರಿಟ್ಟು ಬತ್ತೀನಿ."

ಚಿಕ್ಕಜವರ ಪ್ಯಾಕಿಂಗನ್ನ ಕೈಗೆ ತಗೊಂಡ. ಹೊಸದು! ಈಗ ತಾನೇ ಪೇಟೆಯಿಂದ ಬಂದದ್ದು! ತಂಬಿಗೆ ನೀರಲ್ಲಿ ತೊಳೆದ. ಮಣೆ ಹಾಕಿದ. ಮಣೆ ಮೇಲೆ ಕೂರಿಸಿದ. ಮುಂದೆ ಬೆಲ್ಲದ ಅಚ್ಚಿಟ್ಟ. "ತಗೊಳ್ಳಿ, ನಾಚ್ಕೋಬ್ಯಾಡಿ" ಅಂದ. ಅದು ತಗೊಳ್ಳಲಿಲ್ಲ. ಬೆಲ್ಲ ಕರಗಿಸಿ ತಾನೇ ಮೇಲೆ ಹನಿಸಿದ. ಮುದ್ದೆ ತಿರುವಿಟ್ಟು ಅವ್ವ ಹೊರಗೆ ಬಂದಾಗ, ಮಣೆ ಮೇಲೆ ಪ್ಯಾಕಿಂಗ್ ಕಾಣಲಿಲ್ಲ, ಬರೀ ಇರುವೆ ಕಾಣ್ತಿತ್ತು. ಮಗ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸ್ತಾ ಇದ್ದ.

ಅವ್ವನಿಗೆ ಬೈಯೋಕೂ ಶಕ್ತಿ ಇರಲಿಲ್ಲ. ಕಂಬಕ್ಕೊರಗಿ ಕೂತುಬಿಟ್ಟಳು. "ನನ್ ಮಗಳು ಬರಲ್ಲ ಬಿಡು" ಅಂದಳು, ಮೆಲ್ಲಗೆ.

ಅದು ಚಿಕ್ಕಜವರನಿಗೆ ಬೈಗುಳಕ್ಕಿಂತ ಕಷ್ಟವಾಯ್ತು. ತಂಗಿ ಬರಲಿ ಅಂತಲೇ ಅಲ್ಲವಾ ಅವನು ಇಷ್ಟೆಲ್ಲ ಮಾಡಿದ್ದು? ಒಂದು ಮಾತೂ ಬಿಡದೆ ಮಾಡಿದ್ದು? ಎಲ್ಲಿ ತಪ್ಪಿತು? ಎದ್ದು ಸೀದಾ ಸಾಬರ ಮನೆಗೆ ಹೋದ. "ಸಾಬ್ರೇ, ನಂಗೆ ಹೇಳ್ಬ್ಯಾಡಿ. ಬಂದು ತೋರ್ಸಿ" ಅಂದ.

ಸಾಬರು ಅವನ ಮುಖ ನೋಡಿದರು. ಮಾರನೇ ದಿನ, ಶನಿವಾರ, ಹೆಂಡತಿ ಕೈ ಹಿಡ್ಕೊಂಡು ಬಂದು, ವ್ಯಾನಿನ ಪಕ್ಕ ಕುರ್ಚಿ ಹಾಕಿಸಿ ಕೂತರು. ಬಗ್ಗಲಿಲ್ಲ, ಮುಟ್ಟಲಿಲ್ಲ. ಕೋಲಲ್ಲಿ ತೋರಿಸಿದರು. ಪಟ್ಟಿಯನ್ನ ತೊಳೆದು ಒಣಗಿಸು ಅಂದರು, ಒಣಗಿಸಿದ. ಇಂಜಿನ್ನಿನ ಅಂಚಲ್ಲಿ ಅಂಟಿದ ಹಳೇ ರಬ್ಬರು ಹೆರೆದು ಒರೆಸು ಅಂದರು, ಒರೆಸಿದ. ಒಂದು ಅಂಟಿನ ಟ್ಯೂಬು ಕೊಟ್ಟು ಮೂಲೆಗೆ ಹಚ್ಚು ಅಂದರು, ಹಚ್ಚಿದ. ಪಟ್ಟಿ ಕೂರಿಸಿ, ಮುಚ್ಚಳ ಮುಚ್ಚಿ, ನಡುವಿನ ಬೋಲ್ಟಿಂದ ಶುರುಮಾಡಿ ಅತ್ತೊಂದು ಇತ್ತೊಂದು ಹದವಾಗಿ ಬಿಗಿದ. ಸ್ಟಾರ್ಟ್ ಮಾಡಿದ.

ಹೊಗೆ ಇಲ್ಲ! ಒಂದು ತೊಟ್ಟು ಆಯಿಲ್ ಇಲ್ಲ!

"ಶಭಾಷ್!" ಅಂದರು ಸಾಬರು. "ನೋಡಪ್ಪ, ಕೆಲಸದ ಗುಟ್ಟು ಇಷ್ಟೇ. ಏನೇ ಕೂರಿಸು, ಕೂರಿಸೋ ಮೊದ್ಲು ನಾಲ್ಕು ಮೂಲೆಗೂ ಅಂಟು ಹಚ್ಚು. ಆಮೇಲೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ!"

ಚಿಕ್ಕಜವರ ಬೈಗುಳಕ್ಕೆ ಕಾದ. ಯಾರೂ ಬೈಯಲಿಲ್ಲ. ಅವನಿಗೆ ಗಾಬರಿಯೇ ಆಯ್ತು.

ಭಾನುವಾರ ಬೆಳಗ್ಗೆ ಅವ್ವ ವ್ಯಾನಿನ ಹತ್ತಿರ ಬಂದು ಹೇಳಿದಳು, "ಆರತಿಗೆ ಅಣಿ ಮಾಡ್ಬೇಕು, ನಾನು ಬರಲ್ಲ. ತಂಗೀನ ಜೋಪಾನವಾಗಿ ಕೂರಿಸ್ಕೊಂಡು ಬಾ. ಒಂಚೂರೂ ಅಲ್ಲಾಡಬಾರ್ದು!"

"ಅಲ್ಲಾಡಲ್ಲ ಕನವ್ವ!"

ಅಲ್ಲಾಡಲಿಲ್ಲ. ಬೀಗರ ಬಾಗಿಲಲ್ಲಿ ಚಂದ್ರಿ ಅತ್ತೆಗೆ ನಮಸ್ಕಾರ ಮಾಡೋಷ್ಟರಲ್ಲಿ ಅಣ್ಣ ಸೀಟಿನ ನಾಲ್ಕು ಮೂಲೆಗೂ ಹಚ್ಚಿದ. ಟ್ಯೂಬಲ್ಲಿ ಇನ್ನೂ ಉಳಿದಿತ್ತು ಅಂತ ನಡುವೇನೂ ಹಚ್ಚಿದ. ಗಾಡಿ ನಿಧಾನವಾಗಿ, ಹೂವಿನ ಹಾಗೆ ಓಡಿಸಿದ. ಚಂದ್ರಿ ತೂಕಡಿಸಿದಳು. ಎರಡು ಗಂಟೆಯ ದಾರಿ.

ಮನೆ ಮುಂದೆ ಕೆಂಪಾಜಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಇಳಿಯವ್ವ, ಇಳಿ ನನ್ ತಾಯಿ!"

ಚಂದ್ರಿ ಏಳೋಕೆ ಹೋದಳು. ಆಗಲಿಲ್ಲ. ಇನ್ನೊಂದು ಸಲ ಹೋದಳು. ಸೀರೆ ಪರ್ ಅಂತು.

"ಅವ್ವಾ! ನಾನು ಅಂಟ್ಕೊಂಡಿದೀನಿ!"

"ಏನ್ ಮಾಡಿದ್ಯೋ?"

"ಅಂಟು ಹಚ್ಚಿ ಕೂರಿಸ್ದೆ. ಅಲ್ಲಾಡಲಿಲ್ಲ, ಅಲ್ವಾ ಚಂದ್ರಿ?"

"ಅಯ್ಯೋ, ಬಿಚ್ಲಾ ಮೊದ್ಲು! ಬಿಚ್ಚಿ ಒಳಗೆ ಕರ್ಕೊಂಡ್ ಬಾ!"

ಬಿಚ್ಚಿದ. ಸ್ಪ್ಯಾನರ್ ತಂದು ಸೀಟಿನ ನಾಲ್ಕು ಬೋಲ್ಟನ್ನ ಬಿಚ್ಚಿದ. ಪಕ್ಕದ ಮನೆಯ ಮೂರು ಗಂಡಸರನ್ನ ಕರೆದ. ಮೂಲೆಗೊಬ್ಬರಂತೆ ಎತ್ತಿದರು. ಸೀಟಿನ ಸಮೇತ ಚಂದ್ರಿ ಪಲ್ಲಕ್ಕೀಲಿ ಬಂದ ಹಾಗೆ ಬಂದಳು. ಹೊಟ್ಟೆ ಹಿಡ್ಕೊಂಡು ನಗ್ತಾ ಇದ್ದಳು. ಹೊಸ್ತಿಲ ಮೇಲೆ ಬಂದಾಗ ಸೀಟಿನ ಮೂಲೆ ಬಾಗಿಲ ಚೌಕಟ್ಟಿಗೆ ತಾಗಿತು. ಕೆಂಪಾಜಮ್ಮ ಕೂಗಿಕೊಂಡಳು.

"ಸಾಕು ಕಣ್ಲಾ! ನೀನಿನ್ನೇನೂ ಮಾಡ್ಬ್ಯಾಡ! ನಿಂತ ಕಡೇಲೇ ನಿಂತಿರು!"

ಚಿಕ್ಕಜವರ ನಿಂತ. ಸೀಟಿನ ಮೂಲೆ ಹೆಗಲ ಮೇಲಿಟ್ಕೊಂಡು, ಬಾಗಿಲ ನಟ್ಟನಡುವೆ ನಿಂತ. ಅವನು ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಬರಲ್ಲ. ಉಳಿದ ಮೂವರೂ ನಿಲ್ಲಲೇಬೇಕಾಯ್ತು. ಎಂಟು ದಿನಕ್ಕೆ ಚಂದ್ರಿಗೆ ಹೆಣ್ಣು ಮಗು ಆಯ್ತು, ತವರಲ್ಲೇ, ಸುಖವಾಗಿ. ಅದು ಆಮೇಲಿನ ಮಾತು. ಆವತ್ತು ಮಾತ್ರ ಅವಳ ಕಾಲು ಮನೆಯೊಳಗೆ, ಬೆನ್ನು ಜಗುಲಿ ಮೇಲೆ. ಕೆಂಪಾಜಮ್ಮ ಬೈಯೋಕೆ ಬಾಯಿ ತೆರೆದಳು. ಬೈದರೆ ಬುದ್ಧಿ ಹೇಳ್ಬೇಕಲ್ಲ, ಹೇಳಿದ್ರೆ ಇನ್ನೇನು ಮಾಡ್ತಾನೋ ಅಂತ ಹಾಗೇ ಮುಚ್ಚಿಕೊಂಡಳು.

ಚಿಕ್ಕಜವರ ಅವ್ವನ ಮುಖ ನೋಡಿದ, ತಂಗಿಯ ಮುಖ ನೋಡಿದ. ಒಬ್ಬಳು ಅಳ್ತಾ ಇದ್ದಾಳೆ, ಒಬ್ಬಳು ನಗ್ತಾ ಇದ್ದಾಳೆ. ಅವನಿಗೆ ಒಂದೂ ಅರ್ಥವಾಗಲಿಲ್ಲ. ಕೊರಳ ಮೇಲೆ ಸೊಳ್ಳೆ ಕೂತು ಕಚ್ಚಿತು. ಏನೂ ಮಾಡಬಾರದಲ್ಲ, ಅದನ್ನೂ ಓಡಿಸಲಿಲ್ಲ.

"ಅವ್ವಾ," ಅಂದಳು ಚಂದ್ರಿ ಮೇಲಿಂದ, "ಆರತಿ ಒಳಗಿಂದ ಎತ್ತುತ್ತೀಯೋ, ಹೊರಗಿಂದ ಎತ್ತುತ್ತೀಯೋ? ಬೇಗ ಹೇಳು, ನಂಗೆ ಹೊಟ್ಟೆ ಹಸೀತಾ ಇದೆ."